ಹಿಂಭಾಗ ಏರಿಸಿದರೂ ಸ್ಟ್ಯಾಂಡ್ ಉಜ್ಜುತ್ತಿತ್ತು: ಕೊನೆಗೂ ಕಾರಣ ಸಿಕ್ಕಿತು

ನನ್ನ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಬೈಕಿನ ಮೈನ್ ಸ್ಟ್ಯಾಂಡ್ ಎಡ ತಿರುವಿನಲ್ಲಿ ರಸ್ತೆಗೆ ಉಜ್ಜುವುದು ನಿಂತಿದೆ. ಸಂಪಾಜೆಯಿಂದ ಮಡಿಕೇರಿಗೆ ಹತ್ತುವ ಘಾಟಿಯ ಎಡ ಹೇರ್‌ಪಿನ್‌ಗಳಲ್ಲೂ ನಿಂತಿದೆ. ಸ್ಟ್ಯಾಂಡ್ ತಾಗಬಾರದು ಅಂತ ಹಿಂಭಾಗ ಏರಿಸಲು ಉದ್ದದ ಶಾಕ್ (ಶಾಕ್ ಅಬ್ಸಾರ್ಬರ್) ಹಾಕಿದ್ದು ಮಳೆಗಾಲಕ್ಕೆ ಮೊದಲು. ಅಲ್ಲಿಂದ ಇಲ್ಲಿವರೆಗೆ ತಲೆ ತಿಂದದ್ದು ಒಂದೇ ಪ್ರಶ್ನೆ: ಬೈಕ್ ಎತ್ತರವಾಗಿದೆ, ಟೇಪ್ ಹಿಡಿದರೆ ಗೊತ್ತಾಗುತ್ತದೆ, ಮತ್ತೆ ಯಾಕೆ ಉಜ್ಜುತ್ತದೆ?

"ಮೈನ್ ಸ್ಟ್ಯಾಂಡ್ ಬಿಚ್ಚಿ ಬಿಸಾಡು" ಅಂತ ಹೇಳಿದವರೇ ಜಾಸ್ತಿ. ಬಿಚ್ಚುವುದಿಲ್ಲ. ನನ್ನದು ಸ್ಪೋಕ್ ವೀಲ್, ಟ್ಯೂಬ್ ಟೈರ್. ನಮ್ಮ ಕಾಸರಗೋಡು ಜಿಲ್ಲೆಯ ಆದೂರು ದಾಟಿದ ಮೇಲೆ ಕಾಡಿನ ನಡುವೆ ಹಿಂದಿನ ಚಕ್ರ ಪಂಕ್ಚರ್ ಆದರೆ ಚಕ್ರ ಕಳಚಲೇಬೇಕು. ಸ್ಟ್ಯಾಂಡ್ ಇಲ್ಲದೆ ಇನ್ನೂರು ಕಿಲೋ ಮೇಲಿನ ಬೈಕನ್ನು ಯಾವ ಕಲ್ಲಿನ ಮೇಲೆ ನಿಲ್ಲಿಸುವುದು? ಹಾಗಂತ ಉಜ್ಜಲಿ ಅಂತ ಬಿಡುವ ಹಾಗೂ ಇಲ್ಲ. ಫುಟ್‌ರೆಸ್ಟ್ ತಾಗಿದರೆ ಮಡಚಿಕೊಳ್ಳುತ್ತದೆ. ಸ್ಟ್ಯಾಂಡ್ ಗಟ್ಟಿ ಕಬ್ಬಿಣ, ಮೇಲೆ ಹೋಗಲು ಅದಕ್ಕೆ ಜಾಗವೇ ಇಲ್ಲ. ಜೋರಾಗಿ ತಾಗಿದರೆ ಅದು ಹಿಂದಿನ ಟೈರನ್ನೇ ರಸ್ತೆಯಿಂದ ಎತ್ತುತ್ತದೆ. ಎಡಗಡೆ ಕಾಲಿನಿಂದ ತುಳಿಯುವ ಕಡ್ಡಿ ಇದೆಯಲ್ಲ, ಅದರ ತುದಿಯೇ ಮೊದಲು ತಾಗುತ್ತಿದ್ದದ್ದು. ಬಲ ತಿರುವಿನಲ್ಲಿ ಈ ತೊಂದರೆ ಇರಲೇ ಇಲ್ಲ.

ಶಾಕ್ ಕೂರಿಸುವ ಕೆಲಸ ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬರೆಯುವುದಿಲ್ಲ. ಹಾಕಿದ್ದು ಕಂಪನಿ ಶಾಕ್‌ಗಿಂತ 10 ಮಿ.ಮೀ. ಉದ್ದದ್ದು. ಕೆಳಗಿನ ಕಣ್ಣಿನಲ್ಲಿ, ಅಂದರೆ ಬೋಲ್ಟ್ ಕೂರುವ ಬಳೆಯಲ್ಲಿ, ಇನ್ನೂ 10 ಮಿ.ಮೀ. ವರೆಗೆ ಏರಿಸುವ ಥ್ರೆಡ್ ಇದೆ, ಅದರಲ್ಲಿ 6 ಬಳಸಿದ್ದೇನೆ. ಶಾಕ್ ಓರೆಯಾಗಿ ನಿಲ್ಲುವುದರಿಂದ ಆಕ್ಸಲ್ ಹತ್ತಿರ ಲೆಕ್ಕ ಸ್ವಲ್ಪ ಹೆಚ್ಚಾಗಿ ಸುಮಾರು 18 ಮಿ.ಮೀ. ಆಗುತ್ತದೆ. ಆದರೆ ಸ್ಟ್ಯಾಂಡ್ ಇರುವುದು ಆಕ್ಸಲ್‌ಗಿಂತ ಎಷ್ಟೋ ಮುಂದೆ. ಅಲ್ಲಿ ಸಿಗುವುದು 12 ಮಿ.ಮೀ. ಅಷ್ಟೇ. ವೀಲ್‌ಬೇಸ್ (ಎರಡು ಆಕ್ಸಲ್‌ಗಳ ನಡುವಿನ ದೂರ) ಸುಮಾರು 1400 ಮಿ.ಮೀ. ಅಂತ ಹಿಡಿದರೆ ರೇಕ್, ಅಂದರೆ ಹ್ಯಾಂಡಲ್ ತಿರುಗುವ ಅಕ್ಷದ ಓರೆ, ಮುಕ್ಕಾಲು ಡಿಗ್ರಿ ಕಡಿದಾಗುತ್ತದೆ. ಟ್ರೇಲ್, ಅಂದರೆ ಆ ಅಕ್ಷ ನೆಲ ಮುಟ್ಟುವ ಜಾಗಕ್ಕೂ ಮುಂದಿನ ಟೈರ್ ತಾಗುವ ಜಾಗಕ್ಕೂ ಇರುವ ದೂರ, 5 ಮಿ.ಮೀ. ಹತ್ತಿರ ಕಡಿಮೆಯಾಗುತ್ತದೆ. ಬೈಕ್ ತಿರುವಿಗೆ ಬೇಗ ವಾಲುತ್ತದೆ, ಅದು ನನಗೆ ಇಷ್ಟ. ಹಾಗಾಗಿ ಫೋರ್ಕ್ ಮುಟ್ಟಿಲ್ಲ. ಫ್ರೇಮಿಗೆ ಕಟಿಂಗ್, ವೆಲ್ಡಿಂಗ್ ಏನೂ ಮಾಡಿಲ್ಲ.

ಕೊರಿಯರ್ ವಿಷಯ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಶಾಕಿನ ಪಾರ್ಸೆಲ್ ಹೊರಟದ್ದು ಬೆಂಗಳೂರಿನಿಂದ. ಮಂಗಳೂರು ನಮಗೆ ಇಲ್ಲೇ ಪಕ್ಕದಲ್ಲಿ. ಆದರೆ ವಿಳಾಸದಲ್ಲಿ ಕೇರಳ ಅಂತ ಕಂಡ ಕೂಡಲೇ ಅದು ಕೊಚ್ಚಿಗೆ ಹೋಗಿ, ಕಣ್ಣೂರಿಗೆ ಬಂದು, ಆಮೇಲೆ ಕಾಸರಗೋಡಿಗೆ ಬಂತು. ಗಡಿಯಲ್ಲಿರುವ ನಮಗೆ ಪ್ರತಿ ಸಲ ಇದೇ ಕಥೆ. ಪೆಟ್ಟಿಗೆ ಒಡೆದು ನೋಡಿದರೆ ಮೇಲಿನ ಕಣ್ಣಿನ ಬುಷ್ (ಬೋಲ್ಟ್ ತೂರುವ ಒಳಗಿನ ಕೊಳವೆ) ನಮ್ಮ ಬೋಲ್ಟಿಗೆ ಸಡಿಲ. ಅಂಗಡಿಗೆ ಫೋನ್ ಮಾಡಿದರೆ "ಎಲ್ಲರಿಗೂ ಅದೇ ಕೊಡ್ತೇವೆ ಸಾರ್, ಯಾರೂ ಕಂಪ್ಲೇಂಟ್ ಮಾಡಿಲ್ಲ" ಎಂಬ ಉತ್ತರ. ಶಾಕಿನ ಕಣ್ಣು ಸಡಿಲ ಇಟ್ಟುಕೊಂಡು ಯಾರಾದರೂ ಘಾಟಿ ಹತ್ತುತ್ತಾರಾ? ಕೊನೆಗೆ ಕುಂಬಳೆಯ ಒಬ್ಬರು ಲೇತ್‌ನವರು ಹಳೇ ಬುಷ್ ನೋಡಿ, ಬೋಲ್ಟ್ ಅಳೆದು, ಹಿತ್ತಾಳೆಯಲ್ಲಿ ಎರಡು ಸ್ಲೀವ್ ಕಡೆದು ಕೊಟ್ಟರು. ಕೈಯಲ್ಲಿ ಒತ್ತಿದರೆ ಜಾರಿ ಒಳಗೆ ಹೋಗುತ್ತದೆ, ಅಲ್ಲಾಡಿಸಿದರೆ ಅಲುಗುವುದಿಲ್ಲ. ಅಷ್ಟು ಚೆಂದದ ಕೆಲಸ.

ಈಗ ಅಸಲಿ ವಿಷಯ.

ಮುಳ್ಳೇರಿಯದಿಂದ ಜಾಲ್ಸೂರಿಗೆ ಹೋಗುವ ರಸ್ತೆಯಲ್ಲಿ ನಯವಾದ ಎಡ ತಿರುವುಗಳಿವೆ. ಶಾಕ್ ಹಾಕಿದ ಮೇಲೆ ಅಲ್ಲಿ ಒಮ್ಮೆಯೂ ಸ್ಟ್ಯಾಂಡ್ ತಾಗಲಿಲ್ಲ. ಆ 12 ಮಿ.ಮೀ. ಕೆಲಸ ಮಾಡುತ್ತಿದೆ ಅಂತ ಅರ್ಥ ತಾನೆ? ಸಂಪಾಜೆ ದಾಟಿ ಹತ್ತಲು ಶುರು ಮಾಡಿದರೆ ಎಡ ಹೇರ್‌ಪಿನ್‌ನಲ್ಲಿ ಮತ್ತೆ ಕರ್ರ್ ಅಂತ ಸದ್ದು. ಅದೂ ನಯವಾದ ತಿರುವಿಗಿಂತ ಕಡಿಮೆ ವಾಲಿದಾಗ. ಕಡಿಮೆ ವಾಲಿದರೆ ಜಾಸ್ತಿ ಉಜ್ಜುತ್ತದೆ ಅಂದರೆ ಬೈಕ್ ಆ ಜಾಗದಲ್ಲಿ ಕುಸಿದಿರಬೇಕು. ಎಷ್ಟು, ಯಾಕೆ?

ಮೊದಲು ಸ್ಟ್ಯಾಂಡನ್ನೇ ನೋಡಿದೆ. ಸ್ಟಾಪರ್ ರಬ್ಬರ್ ಸವೆದರೆ ಸ್ಟ್ಯಾಂಡ್ ಜೋತು ಬೀಳುತ್ತದೆ. ರಬ್ಬರ್ ಸರಿಯಿತ್ತು, ಸ್ಪ್ರಿಂಗ್ ಬಿಗಿಯಿತ್ತು. ಕಡ್ಡಿಯ ತುದಿಗೆ ಬಿಳಿ ಪೈಂಟ್ ಬಳಿದು ಹೋಗಿ ಬಂದೆ. ಅದೇ ತುದಿ, ಅದೇ ಅಂಚು ಸವೆದಿತ್ತು.

ಎರಡನೆಯ ಅನುಮಾನ ಸ್ಪ್ರಿಂಗ್ ಮೇಲೆ. ತಿರುವಿನಲ್ಲಿ ಭಾರ ಹೆಚ್ಚಾಗುವುದು ಗೊತ್ತಿರುವುದೇ. 35 ಡಿಗ್ರಿ ವಾಲಿದಾಗ ಸಸ್ಪೆನ್ಷನ್ ಮೇಲೆ ಸುಮಾರು 22 ಶೇಕಡಾ ಹೆಚ್ಚು ಒತ್ತಡ. ಏರು ರಸ್ತೆ ಬೇರೆ, ಭಾರ ಹಿಂದಕ್ಕೆ ಸರಿಯುತ್ತದೆ. ಶಾಕಿನ ರಾಡಿಗೆ ಜಿಪ್ ಟೈ ಕಟ್ಟಿದೆ. ಘಾಟಿ ಹತ್ತಿ ನಿಲ್ಲಿಸಿ ನೋಡಿದರೆ ತಳ ಮುಟ್ಟಲು ಇನ್ನೂ ಬೇಕಾದಷ್ಟು ಜಾಗ ಇತ್ತು. ನಾನು ಕೂತಾಗಿನ ಸ್ಯಾಗ್, ಅಂದರೆ ನನ್ನ ಭಾರಕ್ಕೆ ಹಿಂಭಾಗ ಕುಸಿಯುವುದು, 28 ಮಿ.ಮೀ., ಅದೂ ಸರಿಯಾದದ್ದೇ. ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ತಿರುಪು, ಎರಡು ಸುತ್ತು ಬಿಗಿ ಮಾಡಿ ಪುನಃ ಹೋದೆ. ಸೊಂಟಕ್ಕೆ ಹೊಡೆತ ಹೆಚ್ಚಾಯಿತು, ಸದ್ದು ಮಾತ್ರ ಹಾಗೇ ಇತ್ತು. ಪ್ರಿಲೋಡ್‌ನಿಂದ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಬೈಕ್ ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಎಷ್ಟು ಸಲ ಹೇಳಿದರೂ ಈ ಮಾತು ಹಲವು ಗ್ಯಾರೇಜ್‌ಗಳಲ್ಲಿ ಇಳಿಯುವುದಿಲ್ಲ. ಪ್ರಿಲೋಡ್ ಹಳೇ ಜಾಗಕ್ಕೆ ತಂದೆ.

ಜಿಪ್ ಟೈಯಿಂದ ಗೊತ್ತಾಗುವುದು ಒಂದೇ ವಿಷಯ: ಶಾಕ್ ಅತಿ ಆಳಕ್ಕೆ ಹೋದದ್ದು ಎಷ್ಟು. ಅಲ್ಲಿಗೆ ಹೇಗೆ ಹೋಯಿತು, ಎಷ್ಟು ಹೊತ್ತು ಅಲ್ಲೇ ಕೂತಿತು ಅಂತ ಗೊತ್ತಾಗುವುದಿಲ್ಲ. ಅದನ್ನು ಕಣ್ಣಲ್ಲೇ ನೋಡಬೇಕಿತ್ತು.

ಸ್ಯಾಡಲ್ ಬ್ಯಾಗಿನ ಸ್ಟೇಗೆ ಹಳೇ ಫೋನನ್ನು ಕ್ಲ್ಯಾಂಪ್ ಹಾಕಿ ಕಟ್ಟಿದೆ, ಕ್ಯಾಮೆರಾ ಶಾಕಿನ ಕಡೆಗೆ. ಶಾಕಿನ ಪಕ್ಕದಲ್ಲಿ 5 ಮಿ.ಮೀ.ಗೆ ಒಂದು ಗೆರೆ ಎಳೆದ ಕಾಗದದ ಪಟ್ಟಿ, ಮೇಲೆ ಪಾರದರ್ಶಕ ಟೇಪ್. ಸ್ಪ್ರಿಂಗಿನ ಕೆಳಗಿನ ಕಾಲರಿಗೆ ಕೆಂಪು ಪೈಂಟಿನ ಚುಕ್ಕೆ. ಸ್ಲೋ ಮೋಷನ್, ಸೆಕೆಂಡಿಗೆ 240 ಫ್ರೇಮ್. ಬೆಳಿಗ್ಗೆ ಬೇಗ, ಲಾರಿ ಬಸ್ಸು ಇಲ್ಲದ ಹೊತ್ತು ನೋಡಿ ಹೊರಟೆ.

ಮನೆಗೆ ಬಂದು ನಿಧಾನಕ್ಕೆ ಓಡಿಸಿ ನೋಡಿದಾಗ ಎಲ್ಲ ಕಂಡಿತು. ಎಡ ಹೇರ್‌ಪಿನ್‌ನ ಒಳಬದಿ ಬಹಳ ಕಡಿದು. ಭಾರದ ಗಾಡಿಗಳು ಅಲ್ಲೇ ಒತ್ತಿ ಹತ್ತಿ ಡಾಂಬರು ಅಲೆ ಅಲೆಯಾಗಿದೆ. ಮೊದಲ ಅಲೆಗೆ ಕೆಂಪು ಚುಕ್ಕೆ ಮೂರು ಗೆರೆ ಸರಿಯಿತು, ವಾಪಸ್ ಬಂದದ್ದು ಎರಡೇ ಗೆರೆ. ಅಷ್ಟರಲ್ಲಿ ಎರಡನೇ ಅಲೆ. ಮತ್ತೆ ಸರಿಯಿತು, ಮತ್ತೆ ಅರ್ಧ ದಾರಿಯಿಂದಲೇ ತಿರುಗಿತು. ನಾಲ್ಕನೇ ಅಲೆಗೆ ಬರುವಾಗ ಶಾಕ್ ತನ್ನ ಮಾಮೂಲಿ ಜಾಗಕ್ಕಿಂತ ನಾಲ್ಕು ಗೆರೆ ಕೆಳಗೆ. ಅಂದರೆ 20 ಮಿ.ಮೀ. ಸರಿಯಾಗಿ ಆ ಜಾಗದಲ್ಲೇ ಬೈಕ್ ಎಲ್ಲಕ್ಕಿಂತ ಜಾಸ್ತಿ ವಾಲಿರುತ್ತದೆ. ಅಡಿಕೆ ಮೂಟೆ ಇಳಿಸಿ ಬೆನ್ನು ನೆಟ್ಟಗೆ ಮಾಡುವ ಮೊದಲೇ ಮತ್ತೊಂದು ಮೂಟೆ ಹೆಗಲಿಗೆ ಬಿದ್ದ ಹಾಗೆ. ನಾನು ಏರಿಸಿದ 16 ಮಿ.ಮೀ. ಪೂರ್ತಿ ಅಲ್ಲಿ ಖರ್ಚಾಗಿ, ಮೇಲೆ ಇನ್ನೂ ನಾಲ್ಕು ಸಾಲ.

ಕಾರಣ ರೀಬೌಂಡ್, ಅಂದರೆ ಒತ್ತಿದ ಶಾಕ್ ವಾಪಸ್ ಮೇಲೆ ಬರುವ ವೇಗ. ಅದನ್ನು ತಡೆಯುವ ಡ್ಯಾಂಪಿಂಗ್ ಅತಿ ಬಿಗಿ, ಶಾಕ್ ಮೇಲೆ ಬರಲು ಸಮಯವೇ ಸಿಗುತ್ತಿಲ್ಲ. ಪೆಟ್ಟಿಗೆಯಲ್ಲಿ ಬಂದ ಸೆಟ್ಟಿಂಗ್ ಹಾಳೆಯನ್ನು ಮತ್ತೆ ತೆಗೆದು ಓದಿದೆ. ಪಾರ್ಟ್ ನಂಬರ್ ಬೇರೆ! ಯಾವುದೋ ಭಾರದ ಕ್ರೂಸರ್ ಬೈಕಿನ ಹಾಳೆ ಅದು. ಅಂಗಡಿಯವರು ಶಾಕನ್ನೂ ಅದೇ ಹಾಳೆ ನೋಡಿ ಸೆಟ್ ಮಾಡಿ ಕಳಿಸಿದ್ದಾರೆ. ಇಷ್ಟು ದುಡ್ಡು ತೆಗೆದುಕೊಂಡ ಮೇಲೆ ಒಂದು ಹಾಳೆ ಸರಿಯಾದದ್ದು ಇಡುವುದು ಕಷ್ಟವಾ?

ಎರಡೂ ಕಡೆಯ ಶಾಕಿನ ರೀಬೌಂಡ್ ಡ್ಯಾಂಪಿಂಗ್ ಆರು ಕ್ಲಿಕ್ ಸಡಿಲ ಮಾಡಿದೆ. ಸೀಟು ಒತ್ತಿ ಬಿಟ್ಟರೆ ಈಗ ಚಕ್ಕನೆ ಮೇಲೆ ಬಂದು ಒಮ್ಮೆಗೇ ನಿಲ್ಲುತ್ತದೆ. ಎಂಟು ಕ್ಲಿಕ್ ಮಾಡಿ ನೋಡಿದಾಗ ಜಾಲ್ಸೂರು ರಸ್ತೆಯ ಉದ್ದ ತಿರುವಿನಲ್ಲಿ ಹಿಂಭಾಗ ತೇಲಾಡಿತು, ಹಾಗಾಗಿ ಆರಕ್ಕೇ ವಾಪಸ್. ಮತ್ತೆ ಫೋನ್ ಕಟ್ಟಿ ಅದೇ ಹೇರ್‌ಪಿನ್ ಹತ್ತಿದೆ. ಪ್ರತಿ ಅಲೆಗೂ ಚುಕ್ಕೆ ಸರಿದು ಪೂರ್ತಿ ವಾಪಸ್ ಬರುತ್ತಿದೆ. ಸ್ಟ್ಯಾಂಡಿನ ಬಿಳಿ ಪೈಂಟ್ ಹಾಗೇ ಇದೆ. ಆ ವೀಡಿಯೊ ಎಷ್ಟು ಸಲ ನೋಡಿದೆನೋ.

ಎತ್ತರ ಏರಿಸುವವರು ಚೈನ್ ಮರೆಯಬೇಡಿ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು) ತಿರುಗುವ ಪಿವಟ್, ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಏರಿಸಿದ ಬೈಕಿನಲ್ಲಿ ಆಕ್ಸಲ್ ಆ ಗೆರೆಯಿಂದ ಇನ್ನೂ ಕೆಳಗಿರುತ್ತದೆ, ಸ್ಟ್ಯಾಂಡ್ ಮೇಲೆ ಚೈನ್ ಸಡಿಲ ಕಾಣುತ್ತದೆ. ಅಲ್ಲೇ ಬಿಗಿ ಮಾಡಿದರೆ ಕೂತು ಗುಂಡಿಗೆ ಇಳಿಸಿದಾಗ ಗೇರ್‌ಬಾಕ್ಸ್ ಬೇರಿಂಗಿಗೆ ಎಳೆತ. ಬೆಲ್ಟ್ ಕಟ್ಟಿ ಹಿಂಭಾಗ ಒತ್ತಿ, ಮೂರೂ ಒಂದೇ ಗೆರೆಗೆ ತಂದು, ಅಲ್ಲಿ ಸ್ವಲ್ಪ ಆಟ ಉಳಿಸಿ ಸೆಟ್ ಮಾಡಿ. ಮೈನ್ ಸ್ಟ್ಯಾಂಡ್ ಹಾಕಿದಾಗ ಚಕ್ರ ಈಗ ನೆಲಕ್ಕೆ ತಾಗುತ್ತದೆ, ಸ್ಟ್ಯಾಂಡಿನ ಅಡಿಗೆ ಹಲಗೆ ಬೇಕು. ಸೈಡ್ ಸ್ಟ್ಯಾಂಡಿನಲ್ಲಿ ಬೈಕ್ ಎಡಕ್ಕೆ ಜಾಸ್ತಿ ಮಲಗುತ್ತಿತ್ತು. ನಮ್ಮ ಅಂಗಳದ ಕೆಂಪು ಮಣ್ಣು ಮಳೆಗೆ ಮೆತ್ತಗಾದರೆ ಬೀಳುವುದೇ. ಪಾದಕ್ಕೆ ದಪ್ಪ ತಗಡು ಬೆಸುಗೆ ಹಾಕಿಸಿದೆ, ಮಡಚಿದಾಗ ಅದು ಕೆಳಗೆ ಇಳಿಯುವುದಿಲ್ಲ ಅಂತ ನೋಡಿಕೊಂಡೆ.

ಕಳಚಿಟ್ಟ ಕಂಪನಿ ಶಾಕ್ ಕಂಡಾಗಲೆಲ್ಲ ಮನಸ್ಸು ಮಾವನ ಮನೆಯ ಕೊಟ್ಟಿಗೆಯ ಯೆಜ್ಡಿ ರೋಡ್‌ಕಿಂಗ್ ಕಡೆ ಹೋಗುತ್ತದೆ. ಮೈಸೂರಿನಲ್ಲಿ ಹುಟ್ಟಿದ 250 ಸಿಸಿ ಟೂ ಸ್ಟ್ರೋಕ್. ಕಿಕ್ಕಿಗೂ ಗೇರಿಗೂ ಒಂದೇ ಲಿವರ್. ಎರಡು ಬದಿಗೂ ಸೈಲೆನ್ಸರ್, ವಾಲಿದರೆ ಯಾವ ಬದಿಗೂ ಬಿಡುವಿಲ್ಲ. ಅದರ ಹಿಂದಿನ ಶಾಕ್‌ಗಳಲ್ಲಿ ಎಣ್ಣೆ ಒಂದು ತೊಟ್ಟೂ ಇಲ್ಲ. ಈ ಬೇಸಿಗೆಗೆ ಅದನ್ನು ಬಿಚ್ಚುವುದೇ. ಇಂಟರ್‌ಸೆಪ್ಟರ್ ಶಾಕ್ ಅದಕ್ಕೆ ಹೊಂದುತ್ತದಾ ಅಂತ ಕಣ್ಣಿನಿಂದ ಕಣ್ಣಿಗೆ ಅಳೆದು ನೋಡಬೇಕು, ಬುಷ್ ಅಂತೂ ಕುಂಬಳೆಯಲ್ಲೇ.

ಇಂಟರ್‌ಸೆಪ್ಟರ್‌ನಲ್ಲಿ ಉಳಿದಿರುವುದು ಮುಂದಿನ ಫೋರ್ಕ್. ಹಿಂಭಾಗ ಸರಿಯಾದ ಮೇಲೆ ಅದರ ಮೆತ್ತಗಿನ ಸ್ಪ್ರಿಂಗ್ ಬ್ರೇಕ್ ಹಿಡಿದಾಗಲೆಲ್ಲ ಎದ್ದು ಕಾಣುತ್ತಿದೆ. ಈಗ ಎರಡೂ ಬದಿಯಲ್ಲಿ ಮೊದಲು ತಾಗುವುದು ಫುಟ್‌ರೆಸ್ಟಿನ ಕೆಳಗಿನ ಫೀಲರ್, ಅಂದರೆ ಅತಿ ವಾಲಿದಾಗ ತಾಗಿ ಎಚ್ಚರಿಸುವ ಗೂಟ. ಅದನ್ನು ಬಿಚ್ಚಿದರೆ ಇನ್ನೂ ಸ್ವಲ್ಪ ವಾಲಬಹುದು ಅಂತ ಹೇಳುವವರಿದ್ದಾರೆ. ನಾನು ಬಿಚ್ಚುವುದಿಲ್ಲ. ಮಡಚಿಕೊಳ್ಳುವ ವಸ್ತು ಮೊದಲು ತಾಗಲಿ ಅಂತಲೇ ಇಷ್ಟೆಲ್ಲ ಮಾಡಿದ್ದು.