ಮೂರು ಪ್ರೊಜೆಕ್ಟರುಗಳ ಪರದೆಗೆ ವಿಡಿಯೊ ರೆಂಡರ್ ಮಾಡುವಾಗ

ಬೆಂಗಳೂರಿನ ದೊಡ್ಡ ಸಭಾಂಗಣಗಳಲ್ಲಿ ವೇದಿಕೆಯ ಹಿಂದೆ ಕಟ್ಟುವ ಅಗಲ ಪರದೆಗಳಿಗೆ ವಿಡಿಯೊ ಸಿದ್ಧಪಡಿಸಿ ರೆಂಡರ್ ಮಾಡುವುದು, ಅಂದರೆ ಕಂಪ್ಯೂಟರಿನಿಂದ ಒಂದೊಂದೇ ಫ್ರೇಮನ್ನು ಪೂರ್ಣ ಚಿತ್ರವಾಗಿ ಹೊರತೆಗೆಯುವುದು, ನನ್ನ ಕಸುಬು. 52 ಅಡಿ ಅಗಲ, 12.5 ಅಡಿ ಎತ್ತರದ ಪರದೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 1920×1200 ಪಿಕ್ಸೆಲ್‌ಗಳ ಮೂರು ಪ್ರೊಜೆಕ್ಟರುಗಳನ್ನು ಸಾಲಾಗಿ ಇಟ್ಟು, ಒಂದರ ಬೆಳಕು ಪಕ್ಕದ್ದರ ಮೇಲೆ 384 ಪಿಕ್ಸೆಲ್‌ಗಳಷ್ಟು ಬೀಳುವಂತೆ ಹೊಂದಿಸಿದರೆ, 5760ರಲ್ಲಿ ಎರಡು ಓವರ್‌ಲ್ಯಾಪ್‌ಗಳ 768 ಕಳೆದು 4992×1200ರ ಕ್ಯಾನ್ವಾಸ್ ಉಳಿಯುತ್ತದೆ. ಅಡಿಗೆ 96 ಪಿಕ್ಸೆಲ್, ಅಂಗುಲಕ್ಕೆ 8. ಸಾಫ್ಟ್‌ವೇರ್ ತೆರೆಯುವ ಮೊದಲೇ ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ಎದುರಿಗೆ ಅಂಟಿಸಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಮುಂದಿನ ಬಹುತೇಕ ನಿರ್ಧಾರಗಳನ್ನು ಅಡಿ, ಅಂಗುಲಗಳಲ್ಲಿಯೇ ತೆಗೆದುಕೊಳ್ಳಬೇಕಾಗುತ್ತದೆ.

ಚಲನೆಯನ್ನೇ ನೋಡಿ. ಮೇಜಿನ ಮೇಲಿನ ಮಾನಿಟರ್‌ನಲ್ಲಿ ಈ ಕ್ಯಾನ್ವಾಸ್ ಒಂದು ಕಿರಿದಾದ ಪಟ್ಟಿಯಾಗಿ ಕಾಣುತ್ತದೆ. ಅದರಲ್ಲಿ ಹಕ್ಕಿಯೊಂದು ಈ ತುದಿಯಿಂದ ಆ ತುದಿಗೆ ಎರಡು ಸೆಕೆಂಡಿನಲ್ಲಿ ಹಾರಿಹೋದರೆ ಕಣ್ಣಿಗೆ ಏನೂ ಅಸಹಜವೆನಿಸುವುದಿಲ್ಲ. ಪರದೆಯ ಮೇಲೆ ಅದೇ ಹಕ್ಕಿ, ಸೆಕೆಂಡಿಗೆ 30 ಫ್ರೇಮಿನ ಲೆಕ್ಕದಲ್ಲಿ, ಫ್ರೇಮಿಗೆ 83 ಪಿಕ್ಸೆಲ್, ಅಂದರೆ ಹತ್ತು ಅಂಗುಲಕ್ಕೂ ಹೆಚ್ಚು ದೂರ ಸರಿಯುತ್ತದೆ, ಮತ್ತು ಮುಂದಿನ ಸಾಲಿನಲ್ಲಿ ಕುಳಿತವರಿಗೆ ಅದು ಬಿಟ್ಟು ಬಿಟ್ಟು ಜಿಗಿದಂತೆ ಕಾಣುತ್ತದೆ. ಮೋಷನ್ ಬ್ಲರ್ (ಚಲನೆಯ ದಿಕ್ಕಿನಲ್ಲಿ ಚಿತ್ರವನ್ನು ಮಸುಕಾಗಿಸುವುದು), ಸೆಕೆಂಡಿಗೆ 60 ಫ್ರೇಮ್ ಎರಡೂ ಸ್ವಲ್ಪ ಸಹಾಯ ಮಾಡುತ್ತವೆ. ಆದರೆ ವೇಗವನ್ನು ತಗ್ಗಿಸುವುದಕ್ಕೆ ಸಮನಾದ ಮದ್ದಿಲ್ಲ. ಅದೇ ದೂರಕ್ಕೆ 20 ಸೆಕೆಂಡು ಕೊಟ್ಟರೆ ಫ್ರೇಮಿಗೆ ಒಂದು ಅಂಗುಲದಷ್ಟೇ ಚಲನೆ, ಅದು ಕಣ್ಣಿಗೆ ಹಿತ.

ಚಿತ್ರೀಕರಣದವರಿಗೂ ಈ ಲೆಕ್ಕ ಮೊದಲೇ ತಿಳಿದಿರಬೇಕು. 3840×2160ರಲ್ಲಿ ತೆಗೆದ ದೃಶ್ಯದಿಂದ ಈ ಪರದೆಯ ಅನುಪಾತಕ್ಕೆ ಹೊಂದುವ ಪಟ್ಟಿಯನ್ನು ಕತ್ತರಿಸಿದರೆ 2160 ಸಾಲುಗಳಲ್ಲಿ ಬಳಕೆಗೆ ಬರುವುದು ಸುಮಾರು 923 ಮಾತ್ರ, ಅದನ್ನೂ 1.3 ಪಟ್ಟು ಹಿಗ್ಗಿಸಬೇಕು. ಮೈಸೂರು ಅರಮನೆಯ ಗೋಪುರದ ತುದಿ ಕತ್ತರಿಸಿಹೋಗಬಾರದೆಂದರೆ ಕ್ಯಾಮೆರಾ ಹಿಡಿಯುವಾಗಲೇ ವ್ಯೂಫೈಂಡರ್‌ನಲ್ಲಿ ಆ ಪಟ್ಟಿಯ ಗೆರೆಗಳು ಇರಬೇಕು.

ಅರಮನೆಯ ಮಾತು ಬಂದದ್ದರಿಂದ ಅದೇ ದೃಶ್ಯವನ್ನು ಇಟ್ಟುಕೊಂಡು ಮುಂದುವರಿಯುತ್ತೇನೆ, ಏಕೆಂದರೆ ಲಕ್ಷದ ಹತ್ತಿರದಷ್ಟು ದೀಪಗಳು ಮತ್ತು ಅವುಗಳ ಮೇಲಿನ ಕಪ್ಪು ಆಕಾಶ, ಇವೆರಡೂ ಸೇರಿ ಈ ಕೆಲಸದ ಕಷ್ಟಗಳನ್ನೆಲ್ಲ ಒಂದೇ ಚೌಕಟ್ಟಿನಲ್ಲಿ ತಂದಿಡುತ್ತವೆ. ಆಕಾಶದ ಬಣ್ಣ ಎಡದಿಂದ ಬಲಕ್ಕೆ 10ರಿಂದ 40ರವರೆಗೆ ನಿಧಾನವಾಗಿ ಏರುತ್ತದೆ ಎಂದುಕೊಳ್ಳಿ. ಕಪ್ಪು 0, ಬಿಳಿ 255 ಆಗಿರುವ 8 ಬಿಟ್‌ನಲ್ಲಿ ಅಲ್ಲಿರುವುದು 30 ಮೆಟ್ಟಿಲು. 4992 ಪಿಕ್ಸೆಲ್‌ಗಳಿಗೆ ಹಂಚಿದರೆ ಒಂದೊಂದು ಮೆಟ್ಟಿಲೂ 166 ಪಿಕ್ಸೆಲ್, ಪರದೆಯ ಮೇಲೆ ಸುಮಾರು 21 ಅಂಗುಲ ಅಗಲದ ಪಟ್ಟೆ. ಕತ್ತಲೆಯ ಸಭಾಂಗಣದಲ್ಲಿ ಅದು ಎದ್ದು ಕಾಣುತ್ತದೆ. ಆದ್ದರಿಂದ ಕಾಂಪೊಸಿಷನ್ ಅನ್ನು, ಅಂದರೆ ದೃಶ್ಯದ ಪದರಗಳನ್ನೆಲ್ಲ ಜೋಡಿಸುವ ಚೌಕಟ್ಟನ್ನು, ಇನ್ನೂ ಸಣ್ಣ ಮೆಟ್ಟಿಲುಗಳಿರುವ 16 ಬಿಟ್‌ನಲ್ಲಿಯೇ ಇಟ್ಟು, 8 ಬಿಟ್‌ಗೆ ಇಳಿಸುವ ಕೊನೆಯ ಹಂತದಲ್ಲಿ ಅತಿ ಸಣ್ಣ ಗ್ರೇನ್, ಅಂದರೆ ಮರಳಿನಂಥ ಚುಕ್ಕೆಗಳನ್ನು, ಬೆರೆಸಬೇಕು. ಆಗ ಪಟ್ಟೆಗಳ ಅಂಚು ಒಡೆದು ಆಕಾಶ ಒಂದಾಗುತ್ತದೆ.

ಆ ಗ್ರೇನ್ ಅನ್ನು ಎಲ್ಲಿ ಬೆರೆಸಬೇಕೆಂಬುದು ಇನ್ನೂ ಮುಖ್ಯವಾದದ್ದು. ಕಂಪ್ಯೂಟರಿನ ಮೆಮೊರಿ ಸಾಲದೆಂದು ಕೆಲವರು ಆರಂಭದಿಂದಲೇ ಮೂರು ಪ್ರೊಜೆಕ್ಟರಿಗೆ ಮೂರು ಬೇರೆ ಬೇರೆ ಕಾಂಪೊಸಿಷನ್ ಮಾಡಿಕೊಳ್ಳುತ್ತಾರೆ. ಓವರ್‌ಲ್ಯಾಪ್ ಇರುವ ನಾಲ್ಕು ಅಡಿಯಲ್ಲಿ ಎರಡು ಪ್ರೊಜೆಕ್ಟರುಗಳು ತೋರಿಸುವುದು ಒಂದೇ ಚಿತ್ರವಾದ್ದರಿಂದ, ಅಲ್ಲಿ ಎರಡರ ಪಿಕ್ಸೆಲ್‌ಗಳೂ ತದ್ರೂಪವಾಗಿರಬೇಕು. ಗ್ರೇನ್ ಅನ್ನು ಬೇರೆ ಬೇರೆಯಾಗಿ ಹಾಕಿದರೆ ಅಲ್ಲಿ ಎರಡು ಗ್ರೇನ್‌ಗಳು ಒಂದರ ಮೇಲೊಂದು ಬಿದ್ದು ಮಸುಕಾಗುತ್ತವೆ. ಪ್ರಭೆ ಹರಡುವ ಗ್ಲೋ, ಚಿತ್ರವನ್ನು ಮಸುಕಾಗಿಸುವ ಬ್ಲರ್‌ಗಳದ್ದು ಇನ್ನೊಂದು ಬಗೆಯ ತೊಡಕು: ತುಂಡಿನ ಅಂಚಿನಾಚೆ ಉರಿಯುತ್ತಿರುವ ದೀಪ ಈ ತುಂಡಿಗೆ ಗೊತ್ತೇ ಇಲ್ಲವಾದ್ದರಿಂದ, ಅದರ ಪ್ರಭೆ ಒಂದು ತುಂಡಿನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲವಾಗುತ್ತದೆ. ಹಾಗಾಗಿ ಇಡೀ 4992ರ ಅಗಲಕ್ಕೂ ಒಂದೇ ಮಾಸ್ಟರ್, ಅಂದರೆ ಮೂಲಪ್ರತಿಯನ್ನು, ರೆಂಡರ್ ಮಾಡಿ, ಬಳಿಕ 0, 1536, 3072ನೇ ಪಿಕ್ಸೆಲ್‌ಗಳಿಂದ 1920 ಅಗಲದ ಮೂರು ತುಂಡುಗಳನ್ನು ಕತ್ತರಿಸಿಕೊಳ್ಳುವುದೇ ಸರಿಯಾದ ಕ್ರಮ. ಈ ಕೆಲಸಕ್ಕೆ ಬಳಸುವ ಆಫ್ಟರ್ ಎಫೆಕ್ಟ್ಸ್ ಎಂಬ ಸಾಫ್ಟ್‌ವೇರ್ 30,000 ಪಿಕ್ಸೆಲ್ ಅಗಲದವರೆಗೂ ಕಾಂಪೊಸಿಷನ್ ಒಪ್ಪುತ್ತದೆ, ಆದ್ದರಿಂದ ಸಾಫ್ಟ್‌ವೇರಿನ ಅಡ್ಡಿ ಇಲ್ಲ. ತುಂಡುಗಳಲ್ಲೇ ರೆಂಡರ್ ಮಾಡುವುದು ಅನಿವಾರ್ಯವಾದರೆ, ಬ್ಲರ್‌ನ ವ್ಯಾಪ್ತಿ 200 ಪಿಕ್ಸೆಲ್ ಇದ್ದಲ್ಲಿ ಪ್ರತಿ ಬದಿಗೂ 200 ಪಿಕ್ಸೆಲ್ ಹೆಚ್ಚುವರಿ ಅಂಚು ಸೇರಿಸಿ, ಕೊನೆಗೆ ಅದನ್ನು ಕತ್ತರಿಸಿಹಾಕಬೇಕು.

ಇನ್ನು ಬ್ಲೆಂಡ್. ಓವರ್‌ಲ್ಯಾಪ್‌ನಲ್ಲಿ ಒಂದು ಪ್ರೊಜೆಕ್ಟರ್ ಮಬ್ಬಾಗುತ್ತ ಹೋದಂತೆ ಇನ್ನೊಂದು ಬೆಳಗುತ್ತ ಬರಬೇಕು, ಮತ್ತು ಎಲ್ಲೆಡೆ ಎರಡರ ಬೆಳಕಿನ ಮೊತ್ತ ಸಮವಿರಬೇಕು. ನಟ್ಟನಡುವೆ ಎರಡೂ ಅರ್ಧರ್ಧ ಕೊಡಬೇಕಾದ ಜಾಗದಲ್ಲಿ 255ರ ಅರ್ಧವೆಂದು 128 ಇಟ್ಟರೆ, 2.2 ಗಾಮಾದಿಂದಾಗಿ (ಪಿಕ್ಸೆಲ್‌ನ ಸಂಖ್ಯೆಗೂ ಹೊರಡುವ ಬೆಳಕಿಗೂ ನೇರ ಅನುಪಾತವಿರದ ಸಂಬಂಧವಿದು) ಒಂದೊಂದರಿಂದ ಹೊರಡುವುದು ಶೇ 22ರಷ್ಟು ಬೆಳಕು ಮಾತ್ರ. ಎರಡೂ ಸೇರಿ ಶೇ 44. ನಡುವೆ ಕಪ್ಪು ಕಂಬ ನಿಲ್ಲುವುದು ಇದರಿಂದಲೇ. ಅರ್ಧ ಬೆಳಕಿಗೆ ಬೇಕಾದ ಸಂಖ್ಯೆ 186ರ ಆಸುಪಾಸಿನದು. 1952ರಲ್ಲಿ ಬಂದ ಸಿನೆರಾಮಾ ಎಂಬ ಅಗಲ ಪರದೆಯ ಸಿನಿಮಾ ಪದ್ಧತಿಯಲ್ಲಿ ಮೂರು ಪ್ರೊಜೆಕ್ಟರುಗಳ ಸಂದು ಮರೆಸಲು ಫಿಲ್ಮಿನ ಅಂಚಿನ ಬಳಿ ಬಾಚಣಿಗೆಯಂಥ ಹಲ್ಲಿನ ಸಣ್ಣ ಪಟ್ಟಿಗಳನ್ನು ವೇಗವಾಗಿ ಮೇಲೆ ಕೆಳಗೆ ಆಡಿಸುತ್ತಿದ್ದರು. ಅದರ ಜಾಣ್ಮೆಗೆ ನಾನು ಇಂದಿಗೂ ತಲೆದೂಗುತ್ತೇನೆ. ಈಗ ಅದೇ ಕೆಲಸವನ್ನು ವಿಡಿಯೊ ಓಡಿಸುವ ಮೀಡಿಯಾ ಸರ್ವರ್ ಅಥವಾ ಪ್ರೊಜೆಕ್ಟರ್ ಮಾಡುತ್ತದೆ. ಬ್ಲೆಂಡ್ ಅನ್ನು ಎಂದಿಗೂ ರೆಂಡರಿನೊಳಗೆ ಸೇರಿಸಬಾರದು, ಏಕೆಂದರೆ ಪ್ರೊಜೆಕ್ಟರ್ ಎರಡು ಅಂಗುಲ ಅತ್ತಿತ್ತ ಸರಿದರೂ ಇಡೀ ಕಾರ್ಯಕ್ರಮವನ್ನು ಮರಳಿ ರೆಂಡರ್ ಮಾಡಬೇಕಾಗುತ್ತದೆ.

ಕಪ್ಪಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಪೂರ್ತಿ ಕಪ್ಪು ತೋರಿಸುವಾಗಲೂ ಪ್ರೊಜೆಕ್ಟರಿನಿಂದ ಒಂದಿಷ್ಟು ಬೆಳಕು ಸೋರುತ್ತದೆ, ಓವರ್‌ಲ್ಯಾಪ್‌ನಲ್ಲಿ ಆ ಸೋರಿಕೆ ಎರಡರಷ್ಟಾಗುತ್ತದೆ. ಉಳಿದ ಭಾಗದ ಕಪ್ಪನ್ನೂ ಅದೇ ಮಟ್ಟಕ್ಕೆ ಎತ್ತಿ ಸರಿದೂಗಿಸಬಹುದು, ಆದರೆ ದೀಪಗಳ ಹೊಳಪು ಸಪ್ಪೆಯಾಗುತ್ತದೆ. ನಾನಾದರೆ ದಸರೆಯ ರಾತ್ರಿಯ ಕಪ್ಪು ಆಕಾಶವನ್ನು ಬಿಟ್ಟು, ಬೇಸಿಗೆಯ ಭಾನುವಾರ ಸಂಜೆ ಏಳಕ್ಕೆ ದೀಪ ಹತ್ತಿದ ಕೂಡಲೇ, ನೀಲಿ ಇನ್ನೂ ಉಳಿದಿರುವ ಆಕಾಶವನ್ನು ಚಿತ್ರೀಕರಿಸುತ್ತೇನೆ.

ಮಾಸ್ಟರ್ ಅನ್ನು ಒಂದೇ ಮೂವಿ ಫೈಲಾಗಿ ತೆಗೆಯದೆ ಇಮೇಜ್ ಸೀಕ್ವೆನ್ಸ್ ಆಗಿಯೇ, ಅಂದರೆ ಫ್ರೇಮಿಗೊಂದು ಚಿತ್ರದ ಫೈಲಾಗಿ, ತೆಗೆಯಬೇಕು; ಹತ್ತು ನಿಮಿಷಕ್ಕೆ 18,000 ಫ್ರೇಮ್‌ಗಳಾಗುತ್ತವೆ, 11,000ನೇ ಫ್ರೇಮಿನಲ್ಲಿ ಕರೆಂಟು ಹೋದರೆ ಅಲ್ಲಿಂದಲೇ ಮುಂದುವರಿಸಬಹುದು. 16 ಬಿಟ್‌ನಲ್ಲಿ ಕಂಪ್ರೆಸ್ ಮಾಡದೆ ಇಟ್ಟರೆ ಅದಕ್ಕೆ 650 ಜಿಬಿಯಷ್ಟು ಜಾಗ ಬೇಕು. ಬಹುತೇಕ ಗ್ರಾಫಿಕ್ಸ್ ಕಾರ್ಡುಗಳ ಎಚ್.264 (ವಿಡಿಯೊವನ್ನು ಕುಗ್ಗಿಸಿಡುವ ಸಾಮಾನ್ಯ ವಿಧಾನ) ಡಿಕೋಡರ್ 4096 ಪಿಕ್ಸೆಲ್ ಅಗಲಕ್ಕೆ ನಿಂತುಬಿಡುವುದರಿಂದ, ಪ್ರದರ್ಶನಕ್ಕೆ ನಾನು ಹ್ಯಾಪ್ ಕ್ಯೂ ಎಂಬ ವಿಡಿಯೊ ನಮೂನೆಯ ತುಂಡುಗಳನ್ನು ಕೊಡುತ್ತೇನೆ. ತುಂಡೊಂದಕ್ಕೆ ಸೆಕೆಂಡಿಗೆ ಹೆಚ್ಚೆಂದರೆ 69 ಎಂಬಿ, ಮೂರೂ ಸೇರಿ 207. ಎಸ್‌ಎಸ್‌ಡಿಗೆ ಇದು ಸಲೀಸು, ಹಳೆಯ ಹಾರ್ಡ್ ಡಿಸ್ಕಿಗೆ ಆಗದ ಮಾತು. ಮೂರು ತುಂಡುಗಳನ್ನು ಮೂರು ಕಂಪ್ಯೂಟರುಗಳಿಂದ ಓಡಿಸುವುದಾದರೆ ಅವುಗಳಿಗೆ ಜೆನ್‌ಲಾಕ್, ಅಂದರೆ ಮೂರರ ಫ್ರೇಮುಗಳನ್ನೂ ಒಂದೇ ಕ್ಷಣಕ್ಕೆ ಹೊಂದಿಸುವ ವ್ಯವಸ್ಥೆ, ಇರಲೇಬೇಕು, ಒಂದು ಫ್ರೇಮ್ ಹಿಂದುಳಿದರೂ ಓವರ್‌ಲ್ಯಾಪ್‌ನಲ್ಲಿ ಹಾರುವ ಹಕ್ಕಿ ಎರಡಾಗಿ ಕಾಣುತ್ತದೆ. ಪ್ರದರ್ಶನ ಮುಗಿದ ಮೇಲೆ ಹ್ಯಾಪ್ ತುಂಡುಗಳನ್ನು ಅಳಿಸಿದರೂ ಚಿಂತೆಯಿಲ್ಲ. ಬ್ಲೆಂಡ್ ಇಲ್ಲದ ಮಾಸ್ಟರ್ ಒಂದಿದ್ದರೆ, ಓವರ್‌ಲ್ಯಾಪ್ ಬೇರೆ ಇರುವ ಇನ್ನೊಂದು ಸಭಾಂಗಣಕ್ಕೂ ಹೊಸ ತುಂಡುಗಳನ್ನು ಅದರಿಂದಲೇ ಕತ್ತರಿಸಿಕೊಳ್ಳಬಹುದು.