ಈಡಿಪಸ್‌ನನ್ನು ತಡೆದವರು

ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಈಡಿಪಸ್ ನಾಟಕ ಮುಗಿದ ಮೇಲೆ ‘ಪಾಪ, ಅವನ ಹಣೆಬರಹ’ ಅನ್ನುವವರು ಇದ್ದೇ ಇರುತ್ತಾರೆ. ‘ಹಣೆಬರಹ ಏನು ಬಂತು, ಅಹಂಕಾರವೇ ಅವನನ್ನು ಮುಳುಗಿಸಿತು’ ಅನ್ನುವವರೂ ಇರುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ.

ತಂದೆಯನ್ನು ಕೊಂದದ್ದು, ತಾಯಿಯನ್ನು ಮದುವೆಯಾದದ್ದು ಎಲ್ಲಾ ನಾಟಕ ಶುರುವಾಗುವ ಮೊದಲೇ ನಡೆದುಹೋಗಿರುತ್ತದೆ. ಅವರು ಯಾರೆಂದು ಅವನಿಗೆ ಗೊತ್ತೂ ಇರಲಿಲ್ಲ. ರಂಗದ ಮೇಲೆ ನಾವು ನೋಡುವುದು ಬೇರೆ. ಥೀಬ್ಸ್ ನಗರದ ಜನ ಪಿಡುಗಿನಿಂದ ಸಾಯುತ್ತಿದ್ದಾರೆ. ಹಿಂದಿನ ರಾಜನನ್ನು ಕೊಂದವನನ್ನು ಹುಡುಕಿ ಹೊರಗೆ ಹಾಕಬೇಕು ಎಂದು ದೈವವಾಣಿಯಾಗಿದೆ. ಆ ತನಿಖೆಗೆ ಈಗಿನ ರಾಜ ಈಡಿಪಸ್ ತಾನೇ ಇಳಿಯುತ್ತಾನೆ. ಸತ್ತ ರಾಜನೇ ತನ್ನ ತಂದೆ, ಕೊಂದವನು ತಾನೇ ಎಂದು ಅವನಿಗೆ ಗೊತ್ತಿಲ್ಲ.

ತಡೆಯುವವರು ಇಲ್ಲ ಅಂತಲ್ಲ. ಕುರುಡ ಕಾಲಜ್ಞಾನಿ ಟೈರೇಸಿಯಸ್ ತನ್ನನ್ನು ಮನೆಗೆ ಕಳಿಸಿಬಿಡು ಅನ್ನುತ್ತಾನೆ. ಅವನ ಹೆಂಡತಿಯೂ ತಾಯಿಯೂ ಆದ ಯೊಕಾಸ್ಟಾಗೆ ಈಡಿಪಸ್‌ಗಿಂತ ಮೊದಲೇ ನಿಜ ಹೊಳೆಯುತ್ತದೆ, ಇನ್ನು ಕೆದಕಬೇಡ ಎಂದು ಬೇಡಿಕೊಳ್ಳುತ್ತಾಳೆ. ಕೊನೆಗೆ, ಈಡಿಪಸ್‌ನ ಹುಟ್ಟಿನ ಗುಟ್ಟು ಬಲ್ಲ ಮುದಿ ಕುರುಬ.

ಹವ್ಯಾಸಿ ತಂಡವೊಂದರಲ್ಲಿ ಆ ಕುರುಬನ ಪಾತ್ರ ನಾನು ಮಾಡಿದ್ದೆ. ಮಾತು ಕಡಿಮೆ, ಭಯ ಜಾಸ್ತಿ. ಕೈಗಳನ್ನು ಹಿಂದಕ್ಕೆ ತಿರುಚಿ ಬಾಯಿ ಬಿಡಿಸುತ್ತಾರೆ. ಹೇಳಬಾರದ ಮಾತು ಇನ್ನೇನು ಬಾಯಿಗೆ ಬಂತು ಎಂದು ಕುರುಬ ನಡುಗುತ್ತಾನೆ. ಇನ್ನೇನು ಕಿವಿಗೂ ಬಿತ್ತು, ಆದರೂ ಕೇಳಲೇಬೇಕು ಅನ್ನುತ್ತಾನೆ ಈಡಿಪಸ್. ತಾಲೀಮಿನಲ್ಲಿ ಆ ನಟನ ಮುಖ ನನಗೆ ಒಂದು ಗೇಣು ದೂರ. ಈಡಿಪಸ್‌ಗೆ ಆಗಲೇ ಮುಕ್ಕಾಲು ಪಾಲು ಗೊತ್ತಾಗಿದೆ. ಕುರುಬನನ್ನು ಸುಮ್ನೆ ವಾಪಸ್ ಕಳಿಸಬಹುದಿತ್ತು. ಕಳಿಸಲಿಲ್ಲ.

ಅವನ ಸಿಟ್ಟು, ಯೊಕಾಸ್ಟಾಳ ತಮ್ಮ ಕ್ರಿಯೋನ್ ಮೇಲಿನ ಸುಳ್ಳು ಅನುಮಾನ, ಇವೆಲ್ಲ ನಿಜವೇ. ಆದರೆ ಅವನ್ನು ತೆಗೆದುಬಿಡಿ, ಕತೆ ಬಂದು ನಿಲ್ಲುವುದು ಅಲ್ಲಿಗೇ. ನಿಜ ಗೊತ್ತಾಗಲೇಬೇಕು ಅನ್ನುವ ಹಟವನ್ನು ತೆಗೆದರೆ ಮಾತ್ರ ನಾಟಕವೇ ಇಲ್ಲ. ಅವನನ್ನು ಕೆಡವಿದ್ದು ಅವನಲ್ಲಿದ್ದ ಅತಿ ಒಳ್ಳೆಯ ಗುಣ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಕಿವುಚುತ್ತದೆ.

ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ಹಾಗಲ್ಲ. ರಾಜನಾಗುತ್ತೀಯ ಅಂದ ಮಾಟಗಾತಿಯರು ಆಗಿನ ರಾಜ ಡಂಕನ್‌ನನ್ನು ಕೊಲ್ಲು ಅನ್ನಲಿಲ್ಲ. ಅದೃಷ್ಟವಿದ್ದರೆ ತಾನಾಗಿ ಕಿರೀಟ ಬರಲಿ ಎಂದು ಮೊದಲು ಅವನೇ ಅಂದುಕೊಂಡಿದ್ದ, ಅಲ್ವಾ? ಅವನ ತಪ್ಪು ಅವನದೇ.

ಹಾಗಾಗಿ ಒಬ್ಬೊಬ್ಬ ನಾಯಕನಿಗೆ ಒಂದೊಂದು ದೋಷ ಅಂಟಿಸುವ ಪರೀಕ್ಷೆಯ ಉತ್ತರ ನನಗೆ ಸಾಲದು. ಅರಿಸ್ಟಾಟಲ್ ಕೂಡ ಹೇಳಿದ್ದು, ದುರಂತ ನಾಟಕದ ನಾಯಕ ಬೀಳುವುದು ಕೆಟ್ಟತನದಿಂದಲ್ಲ, ಯಾವುದೋ ಒಂದು ತಪ್ಪಿನಿಂದ ಎಂದು.

ಕಣ್ಣು ಕಿತ್ತುಕೊಂಡು ಹೊರಗೆ ಬಂದ ಈಡಿಪಸ್‌ನನ್ನು ಮೇಳದವರು ಕೇಳುತ್ತಾರೆ, ಯಾವ ದೇವರು ನಿನ್ನಿಂದ ಇದನ್ನು ಮಾಡಿಸಿದ? ಈ ಕಷ್ಟ ತಂದವನು ಅಪೊಲೊ, ಆದರೆ ಇರಿದ ಕೈ ನನ್ನದೇ ಅನ್ನುತ್ತಾನೆ. ಸುಮಾರು 2,400 ವರ್ಷ ಹಳೆಯ ನಾಟಕ ಇದು. ಆ ಮಾತಿನ ಮೊದಲರ್ಧ ಉಳಿಸಿಕೊಂಡು ಎರಡನೆಯದನ್ನು ಗಡಿಬಿಡಿಯಲ್ಲಿ ನುಂಗಿಬಿಡುವ ಪ್ರದರ್ಶನ ಕಂಡರೆ ನನಗೆ ತಡೆಯಲಾಗುವುದಿಲ್ಲ.