ತಮಟೆಯವನ ಹೆಸರು

ಕಳೆದ ಶನಿವಾರ ಪಕ್ಕದ ಮನೆಯ ಅಜ್ಜಿಯ ಅಣ್ಣನ ಮಣ್ಣಿಗೆ ಹೋಗಿದ್ದೆ. ಇವತ್ತಿಗೂ ಮೀನಖಂಡ ನೋಯುತ್ತಿದೆ, ಕುಣಿದದ್ದಕ್ಕೆ.

ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಟ್ರೆಮೆ ಬಡಾವಣೆಯಲ್ಲಿ ಇದು ಅಪಚಾರವಲ್ಲ. ಚರ್ಚಿನಿಂದ ಹೊರಟಾಗ ಬ್ಯಾಂಡಿನವರು ಸ್ತೋತ್ರವೊಂದನ್ನು ಎಳೆದೆಳೆದು ನುಡಿಸಿದರು, ಹೆಜ್ಜೆಗೊಂದು ಸ್ವರದಂತೆ. ಒಂದು ತಿರುವಿನಲ್ಲಿ ಶವದ ವಾಹನ ತನ್ನ ದಾರಿ ಹಿಡಿಯಿತು. ಮರುಕ್ಷಣ ಟ್ರಂಪೆಟ್ ಕೂಗಿತು, ಅಳುತ್ತಿದ್ದವರೇ ಕರವಸ್ತ್ರ ಬೀಸಿ ಕುಣಿಯತೊಡಗಿದರು. ಮುಂದೆ ಮನೆಯವರು, ಕ್ಲಬ್ಬಿನವರು, ಬ್ಯಾಂಡು. ಅವರ ಬೆನ್ನಿಗೆ ಕರೆಯದಿದ್ದರೂ ಸೇರಿಕೊಳ್ಳುವ ನನ್ನಂಥವರ 'ಸೆಕೆಂಡ್ ಲೈನ್'.

ಕ್ಲೇಬೋರ್ನ್ ರಸ್ತೆಯ ಮೇಲ್ಸೇತುವೆಯ ಕೆಳಗೆ ಎಲ್ಲರೂ ನಿಂತೇಬಿಟ್ಟರು. 1960ರ ದಶಕದಲ್ಲಿ ಸಾಲು ಓಕ್ ಮರಗಳನ್ನು ಕಡಿದು ಈ ಕಪ್ಪು ಜನರ ಕೇರಿಯ ಎದೆಯ ಮೇಲೆ ಹಾಯಿಸಿದ ಹೆದ್ದಾರಿ ಅದು. ಅದರ ಕಾಂಕ್ರೀಟಿಗೆ ಬಡಿದು ಸದ್ದು ಇಮ್ಮಡಿಯಾಗುತ್ತದೆಂದು ಅಲ್ಲೇ ಹೆಚ್ಚು ಜೋರಾಗಿ ಊದುತ್ತಾರೆ. ಸೂಸಾಫೋನ್ ಎಂಬ ದೊಡ್ಡ ಊದುವಾದ್ಯವನ್ನು ಹೆಬ್ಬಾವಿನಂತೆ ಮೈಗೆ ಸುತ್ತಿಕೊಂಡಿದ್ದ ಹುಡುಗ ಉಸಿರು ತೆಗೆದುಕೊಳ್ಳುವ ನೆಪದಲ್ಲಿ ಟೈಯಿಂದ ಕಣ್ಣೊರೆಸಿಕೊಂಡ.

ಈ ಕ್ಲಬ್ಬುಗಳು ಬರೀ ಮೋಜಿನವಲ್ಲ. ಕಪ್ಪು ಜನರಿಗೆ ವಿಮೆ ಸಿಗದಿದ್ದ ಕಾಲದಲ್ಲಿ ವಂತಿಗೆ ಕೂಡಿಸಿ ಔಷಧಿಗೆ, ಮಣ್ಣಿಗೆ ಹಣ ಹೊಂದಿಸುತ್ತಿದ್ದ ಸಂಘಗಳ ಸಂತಾನ. ಯಂಗ್ ಮೆನ್ ಒಲಿಂಪಿಯನ್ ಎಂಬುದು 1884ರಿಂದಲೂ ಇದೆ.

ಸಂಜೆ ಅಜ್ಜಿ ಮೆಟ್ಟಿಲ ಮೇಲೆ ಕುಳಿತು, ಶೂ ಬಿಚ್ಚಿ, ನುಡಿಸಿದವರನ್ನೆಲ್ಲ ಒಬ್ಬೊಬ್ಬರಾಗಿ ಹೆಸರು ಹಿಡಿದು ನೆನೆದರು: ಇವನು ಇಂಥವರ ಮೊಮ್ಮಗ, ಅವನ ಅಪ್ಪನಿಗೆ ನನ್ನ ಅಣ್ಣನೇ ಕಲಿಸಿದ್ದು. ನನಗೂ ಜಂಬ ಬಂತು. "ನಮ್ಮಲ್ಲೂ ತಮಟೆ ಬಡಿದೇ ಕಳುಹಿಸುತ್ತೇವೆ" ಎಂದೆ.

ಅಜ್ಜಿಯ ಮುಖ ಅರಳಿತು. "ಹೌದೇ? ನಿಮ್ಮ ತಾತನಿಗೆ ಬಡಿದವರು ಯಾರು?"

ಬಾಯಿ ಕಟ್ಟಿತು. ನೆನಪೇನೋ ಇದೆ. ನಮ್ಮ ಜಗುಲಿಯ ಎದುರು ಹುಲ್ಲಿನ ಬೆಂಕಿ, ಅದಕ್ಕೆ ತಮಟೆ ಹಿಡಿದು ಕಾಯಿಸಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ನೋಡುತ್ತಿದ್ದ ಒಬ್ಬ ಮುದುಕ. ಇರುಳಿಡೀ ಬಡಿದ. ಬೆಳಿಗ್ಗೆ ಅವನಿಗೆ ನೀರು ಕೊಟ್ಟದ್ದು ನಾನೇ, ಜಗುಲಿಯ ಮೇಲಿನಿಂದ, ಬೊಗಸೆಗೆ, ಚೊಂಬು ತಗುಲದ ಹಾಗೆ. ಹಾಗೆ ಸುರಿಯಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನೋಡಿಯೇ ಕಲಿತಿದ್ದೆ.

ರಾತ್ರಿ ಅಮ್ಮನಿಗೆ ಫೋನು ಮಾಡಿದೆ.

"ಕೇರಿಯಿಂದ ಬರುತ್ತಿದ್ದರಲ್ಲ, ಅವರೇ ಕಣೋ" ಎಂದಳು.

"ಹೆಸರೇನಮ್ಮ?"

"ತಮಟೆಯವನು ಅಂತಲೇ ಕರೆಯುತ್ತಿದ್ದೆವು. ಚಿಕ್ಕಪ್ಪನನ್ನು ಕೇಳು, ಲೆಕ್ಕವೆಲ್ಲ ಅವನದೇ ಇತ್ತು."

ಚಿಕ್ಕಪ್ಪ ಬಹಳ ಹೊತ್ತು ಯೋಚಿಸಿದರು. ಹೆಸರು ಹೊಳೆಯಲಿಲ್ಲ. ಕೊಟ್ಟದ್ದು ಮಾತ್ರ ಚೆನ್ನಾಗಿ ನೆನಪಿತ್ತು: ಇನ್ನೂರು ರೂಪಾಯಿ, ಒಂದು ಪಂಚೆ.